ಉಜ್ವಲ ಭವಿಷ್ಯ ಮತ್ತು ಆರನೇ ಲೇನು

“ದೈಹಿಕ ಶಿಕ್ಷಣ ಮತ್ತು ಫಿಟ್‌ನೆಸ್ ಕ್ಷೇತ್ರದಲ್ಲಿ ಉಜ್ವಲ ಭವಿಷ್ಯ ನಿಮಗಾಗಿ ಕಾದಿದೆ.” ಈ ವಾಕ್ಯ ಬರೆದವಳು ನಾನೇ. ಶಹಾಪುರದ ನಮ್ಮ ಖಾಸಗಿ ಡಿಗ್ರಿ ಕಾಲೇಜಿನ ಪ್ರವೇಶದ ಕರಪತ್ರದಲ್ಲಿ ಪ್ರತಿ ಬೇಸಿಗೆಯಲ್ಲೂ ಅದು ಅಚ್ಚಾಗುತ್ತದೆ. ಪ್ರಿನ್ಸಿಪಾಲರು ಫೋನು ಮಾಡಿ “ನಿಮ್ಮ ಸಬ್ಜೆಕ್ಟಿಂದು ನಾಕು ಸಾಲು ಚಂದಾಗಿ ಬರದು ಕಳಸ್ರಿ ಮೇಡಂ” ಎನ್ನುತ್ತಾರೆ. ಆ ಹೊತ್ತಿಗೆ, ತಾತ್ಕಾಲಿಕ ನೌಕರಳಾದ ನನ್ನನ್ನು ಆ ವರ್ಷದ ಕೆಲಸದಿಂದ ಬಿಡುಗಡೆ ಮಾಡಿ ಒಂದು ತಿಂಗಳಾಗಿರುತ್ತದೆ. ಸುರಪುರದ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು, ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಗೊತ್ತಿಲ್ಲದ ನಾನು, ಊರಿನ ಮಕ್ಕಳಿಗೆಲ್ಲ ಉಜ್ವಲ ಭವಿಷ್ಯ ಬರೆದು ಕಳಿಸುತ್ತೇನೆ. ಹನ್ನೆರಡು ವರ್ಷದಿಂದ ಇದೇ ಕತೆ. ನಾಚಿಕೆ ಮೊದಲ ಎರಡು ವರ್ಷ ಇತ್ತು, ಆಮೇಲೆ ಹೋಯಿತು.

ನನ್ನ ಕೆಲಸ ಏನೆಂದು ಹೊರಗಿನವರಿಗೆ ತಿಳಿಯದು, ಒಳಗಿನವರಿಗೆ ತಿಳಿಯುವ ಮನಸ್ಸಿಲ್ಲ. ಸ್ಟಾಫ್ ರೂಮಿನಲ್ಲಿ ನನಗೆ ‘ಆಟದ ಮೇಡಂ’ ಎಂದು ಹೆಸರು. ಒಂದು ಮಹಡಿ ಹತ್ತಿದರೆ ಕಂಬ ಹಿಡಿದು ನಿಂತು ಏದುಸಿರು ಬಿಡುವ ಇತಿಹಾಸದ ಮೇಷ್ಟ್ರು “ನಿಮ್ದೇನ್ರಿ ಮೇಡಂ, ಸೀಟಿ ಊದೂದು, ಪಗಾರ ತಗೊಳ್ಳೂದು” ಎಂದು ದಿನಕ್ಕೊಮ್ಮೆ ನಗುತ್ತಾರೆ. ದೈಹಿಕ ಶಿಕ್ಷಣದ ಎಂ.ಪಿ.ಎಡ್. ಮಾಡಿ, ಅದರ ಮೇಲೊಂದು ಅರ್ಹತಾ ಪರೀಕ್ಷೆ ಪಾಸಾಗಿ ನಾನು ಕಾಲೇಜಿನಲ್ಲಿ ಮಾಡುವುದು ಇಷ್ಟು: ಅತಿಥಿಗಳು ಬಂದರೆ ಹಾರ ಎಣಿಸುವುದು, ಮೈಕು ಪರೀಕ್ಷಿಸುವುದು, ಶಾಮಿಯಾನದವನ ಜೊತೆ ಜಗಳ ಆಡುವುದು, ಭಾಷಣದ ಹೊತ್ತಿಗೆ ಹುಡುಗರು ಎದ್ದು ಹೋಗದಂತೆ ಬಾಗಿಲಲ್ಲಿ ನಿಲ್ಲುವುದು. ಫಿಟ್‌ನೆಸ್ ಎಂಬ ಪೇಪರೂ ಒಂದಿದೆ. ಅದರ ಪೀರಿಯಡ್ಡುಗಳನ್ನು ಬೇರೆಯವರು ತಮ್ಮ ಪಾಠ ಮುಗಿಸಲು ತೆಗೆದುಕೊಳ್ಳುತ್ತಾರೆ, ಅಂಕಗಳನ್ನು ಮಾತ್ರ ನಾನೇ ತುಂಬಬೇಕು. ಅದರಲ್ಲಿ ಯಾರೂ ಫೇಲಾಗುವಂತಿಲ್ಲ. ಜಿಮ್ ರೂಮೂ ಇದೆ. ಅಲ್ಲಿನ ಸೈಕಲ್ಲಿಗೆ ಸೀಟಿಲ್ಲ, ಓಡುವ ಮಶೀನಿನ ಮೇಲೆ ಹಳೆಯ ಉತ್ತರ ಪತ್ರಿಕೆಗಳ ಗಂಟುಗಳಿವೆ. ತಪಾಸಣೆಯ ತಂಡ ಬಂದ ದಿನ ಗಂಟುಗಳು ಹೊರಗೆ ಹೋಗುತ್ತವೆ, ಮರುದಿನ ಒಳಗೆ ಬರುತ್ತವೆ. ಆ ಮಶೀನಿನ ಮೇಲೆ ಇಷ್ಟು ವರ್ಷದಲ್ಲಿ ಓಡಿದ್ದು ಇಲಿಗಳು ಮಾತ್ರ.

ಇಂಥ ಕಾಲೇಜಿಗೆ, ನನ್ನ ಆ ಕರಪತ್ರವನ್ನು ನಂಬಿ ಒಂದು ಹುಡುಗಿ ಬಂದಳು.

ಕೊಂಕಲ್ ಕಡೆಯವಳು. ಶಹಾಪುರದ ಸರ್ಕಾರಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದಳು. ಮೊದಲ ವಾರವೇ ನನ್ನ ಹತ್ತಿರ ಬಂದು, ಬ್ಯಾಗಿನಿಂದ ನಾಲ್ಕು ಮಡಿಕೆಯ ಕರಪತ್ರ ತೆಗೆದು, ನಾನು ಬರೆದ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: “ಇದು ಖರೇ ಏನ್ರಿ ಮೇಡಂ? ನಾ ಬಿ.ಪಿ.ಎಡ್. ಮಾಡಿ ನಿಮ್ಮಂಗ ಆಗಬೇಕಂತೀನಿ.”

ನನ್ನಂತೆ ಆಗಬೇಕಂತೆ! ನನಗೆ ನಗು ಬಂತು, ಸಿಟ್ಟೂ ಬಂತು. ಹುದ್ದೆಗಳು ಖಾಲಿ ಇವೆ, ತುಂಬುವವರಿಲ್ಲ. ತುಂಬಿದರೂ ನಿನಗಿಂತ ಮುಂಚೆ ನನ್ನಂಥವರ ಸಾಲು ಬಸ್‌ಸ್ಟ್ಯಾಂಡಿನ ತನಕ ಇದೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವಳು ಓಡುವುದನ್ನು ನೋಡಿದ್ದೆ. ಬರಿಗಾಲಲ್ಲಿ, ದುಪಟ್ಟಾ ಸೊಂಟಕ್ಕೆ ಬಿಗಿದು ಓಡುತ್ತಿದ್ದಳು. ನಾನೂರು ಮೀಟರ್ ಓಟದಲ್ಲಿ ಕೊನೆಯ ನೂರು ಮೀಟರಿಗೆ ಎಲ್ಲರೂ ಕುಸಿಯುತ್ತಾರೆ. ಇವಳು ಅಲ್ಲಿಂದಲೇ ಶುರು ಮಾಡುತ್ತಿದ್ದಳು. ಇಂಥವರು ಪ್ರತಿ ವರ್ಷ ಸಿಗುವುದಿಲ್ಲ.

“ವಿಶ್ವವಿದ್ಯಾಲಯದ ತಂಡಕ್ಕ ಆಯ್ಕೆ ಆಗು ಮೊದಲ,” ಎಂದೆ. “ಆ ಸರ್ಟಿಫಿಕೇಟ್ ಇದ್ರ ಬಿ.ಪಿ.ಎಡ್. ಸೀಟು ಸಿಗತದ. ಇಲ್ಲಂದ್ರ ಮನ್ಯಾಗ ಮದುವಿ ಮಾಡ್ತಾರ.”

“ಹೌದ್ರಿ, ಅಪ್ಪ ಹಂಗೇ ಅಂದಾನ. ಎರಡು ವರ್ಷ ನೋಡ್ತೀನಿ ಅಂದಾನ.”

ಒಂದೂವರೆ ವರ್ಷ ಅವಳನ್ನು ಓಡಿಸಿದೆ. ಗುಡ್ಡದ ಬದಿಯ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಅವಳು, ನಾನು ಮತ್ತು ಎಮ್ಮೆಗಳು. ಓಡುವುದನ್ನು ಅವಳಿಗೆ ಕಲಿಸುವ ಅಗತ್ಯವಿರಲಿಲ್ಲ, ಹಾಗಾಗಿ ನನ್ನ ವಿದ್ಯೆಯನ್ನು ಕಲಿಸಿದೆ. ಸುಣ್ಣದ ಪುಡಿ ಹಿಡಿದು ಟ್ರ್ಯಾಕ್ ಎಳೆಯುವುದು ನಮ್ಮ ವಿದ್ಯೆ. ತಿರುವಿನಲ್ಲಿ ಹೊರಗಿನ ಲೇನು ಒಳಗಿನದಕ್ಕಿಂತ ಉದ್ದ. ಅದಕ್ಕೇ ಹೊರಗೆ ಓಡುವವರನ್ನು ಒಬ್ಬರಿಗಿಂತ ಒಬ್ಬರನ್ನು ಮುಂದೆ ನಿಲ್ಲಿಸುತ್ತೇವೆ. ಪೂರ್ತಿ ಒಂದು ಸುತ್ತಿನ ನಾನೂರು ಮೀಟರಿಗೆ ಒಂದು ಲೇನಿನ ಆರಂಭದ ಗೆರೆಯಿಂದ ಮುಂದಿನ ಲೇನಿನ ಗೆರೆಗೆ ಸುಮಾರು ಏಳೂವರೆ ಮೀಟರ್ ಬೇಕು. ಟೇಪು ಇಲ್ಲದಿದ್ದರೆ ನನ್ನ ಹೆಜ್ಜೆಯಲ್ಲಿ ಹತ್ತು. ಅರ್ಧ ಸುತ್ತಿನ ಇನ್ನೂರು ಮೀಟರಿಗೆ ಅದರ ಅರ್ಧ, ಐದು ಹೆಜ್ಜೆ. “ಓಡೂಕಿಂತ ಮೊದಲ ಗೆರಿ ಎಣಸಬೇಕು. ಯಾರ ಮ್ಯಾಲೂ ಭರೋಸಾ ಇಡಬಾರದು,” ಎಂದಿದ್ದೆ. ಅವಳು ನನ್ನ ಹಿಂದೆಯೇ ಕಾಲಿಟ್ಟು ಹತ್ತು ಎಣಿಸುತ್ತಿದ್ದಳು.

ಆ ವರ್ಷ ಆಡಳಿತ ಮಂಡಳಿಗೆ ಏನು ಹೊಕ್ಕಿತ್ತೋ, ನನ್ನ ಹುದ್ದೆಯನ್ನು ಖಾಯಂ ಮಾಡುವ ಮಾತು ಎತ್ತಿದರು. ಸಂದರ್ಶನಕ್ಕೆ ಸೋಮವಾರ ನಿಗದಿಯಾಯಿತು. ಯಾದಗಿರಿಯಲ್ಲಿ ಅಂತರ ಕಾಲೇಜು ಕ್ರೀಡಾಕೂಟ ಇದ್ದದ್ದು ಅದರ ಹಿಂದಿನ ಶುಕ್ರವಾರ. ಸಂದರ್ಶನಕ್ಕೆ ವಿಷಯ ತಜ್ಞರಾಗಿ ಬರುವವರೂ, ಕ್ರೀಡಾಕೂಟ ನಡೆಸುವವರೂ ಒಬ್ಬರೇ. ಯಾದಗಿರಿಯ ಒಂದು ಕಾಲೇಜಿನ ಹಿರಿಯ ದೈಹಿಕ ಶಿಕ್ಷಣ ನಿರ್ದೇಶಕರು. ಅವರನ್ನು ತಜ್ಞರೆಂದು ಕರೆದವರು ಯಾರೋ ಬಹಳ ಉದಾರಿಗಳು. ಖಾಯಂ ನೌಕರಿಯಾದ ದಿನ ಬೂಟು ಬಿಚ್ಚಿಟ್ಟವರು ಮತ್ತೆ ಹಾಕಿದ್ದನ್ನು ನಾನು ಕಂಡಿಲ್ಲ. ಚಪ್ಪಲಿಯಲ್ಲೇ ಟ್ರ್ಯಾಕಿನೊಳಗೆ ಓಡಾಡುತ್ತಾರೆ. ಕೊರಳಲ್ಲಿ ಮೂರು ಬಣ್ಣದ ದಾರದ ಸೀಟಿ, ಬಾಯಲ್ಲಿ ಸದಾ ಎಲೆ ಅಡಿಕೆ. ಎರಡನೆಯದರಿಂದಾಗಿ ಮೊದಲನೆಯದನ್ನು ಊದಲಿಕ್ಕೆ ಆಗುವುದಿಲ್ಲ.

“ಸಾಹೇಬ್ರ ಕೂಡ ಸ್ವಲ್ಪ ಚಂದಾಗಿ ಮಾತಾಡಿ ಬರ್ರಿ,” ಎಂದು ಪ್ರಿನ್ಸಿಪಾಲರು ಗುರುವಾರವೇ ಹೇಳಿದ್ದರು. “ನಿಮ್ಮ ಮಾತು ಸ್ವಲ್ಪ ಖಾರ ಅದ, ಅದಕ್ಕ ಹೇಳಾಕತ್ತೇನಿ.”

ಶುಕ್ರವಾರ ಭೀಮಾ ಸೇತುವೆ ದಾಟಿ ಯಾದಗಿರಿ ಮುಟ್ಟಿದಾಗ ಉದ್ಘಾಟನೆ ನಡೆಯುತ್ತಿತ್ತು. ವೇದಿಕೆಯ ಮೇಲೆ ಒಂಬತ್ತು ಜನ. ಒಬ್ಬರಾದ ಮೇಲೆ ಒಬ್ಬರು ಎದ್ದು, ಹೊಟ್ಟೆಯನ್ನು ಮೈಕಿನ ಸ್ಟ್ಯಾಂಡಿಗೆ ಒತ್ತಿ ನಿಂತು, ಯುವಜನರು ದೇಹವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂದು ಹೇಳಿದರು. ಓಡಬೇಕಾದ ಮಕ್ಕಳು ಒಂದೂವರೆ ಗಂಟೆ ಬಿಸಿಲಲ್ಲಿ ಸಾಲಾಗಿ ನಿಂತಿದ್ದವು. ಒಬ್ಬ ಹುಡುಗಿ ಕುಸಿದು ಬಿದ್ದಳು. ಆಗ ಭಾಷಣ ಮಾಡುತ್ತಿದ್ದವರು ಇಂದಿನ ಪೀಳಿಗೆಗೆ ತಾಕತ್ತಿಲ್ಲ ಎಂದರು.

ಮಧ್ಯಾಹ್ನ ನಾನೂರು ಮೀಟರ್ ಫೈನಲ್. ಮೊದಲ ಇಬ್ಬರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ. ನಮ್ಮ ಹುಡುಗಿಗೆ ಚೀಟಿ ಎತ್ತಿದಾಗ ಆರನೇ ಲೇನು ಬಂತು, ಎಲ್ಲಕ್ಕಿಂತ ಹೊರಗಿನದು. ಹೊರಗಿನ ಲೇನೆಂದರೆ ಅವಳಿಗೆ ಹೆದರಿಕೆ ಇಲ್ಲ, ನನಗೂ ಇರಲಿಲ್ಲ. ಅವಳು ಮರದ ನೆರಳಲ್ಲಿ ಕಾಲು ಸಡಿಲ ಮಾಡಿಕೊಳ್ಳುತ್ತಿದ್ದಳು. ನಾನು ಅಭ್ಯಾಸಬಲದಿಂದ ಆರಂಭದ ಗೆರೆಗಳ ಕಡೆ ನಡೆದೆ. ಐದನೇ ಲೇನಿನ ಗೆರೆಯಿಂದ ಆರನೇ ಲೇನಿನ ಗೆರೆಗೆ ಹೆಜ್ಜೆ ಹಾಕಿದೆ.

ಐದಕ್ಕೇ ಮುಗಿಯಿತು.

ಮತ್ತೊಮ್ಮೆ ಹಾಕಿದೆ. ಐದು. ನಾಲ್ಕರಿಂದ ಐದಕ್ಕೂ ಐದು. ತಜ್ಞರು ನಾನೂರು ಮೀಟರ್ ಓಟಕ್ಕೆ ಇನ್ನೂರು ಮೀಟರಿನ ಗೆರೆ ಹಾಕಿಸಿದ್ದರು. ಆರನೇ ಲೇನಿನವಳು ಒಂದನೇ ಲೇನಿನವಳಿಗಿಂತ ಹದಿನೆಂಟು ಹತ್ತೊಂಬತ್ತು ಮೀಟರ್ ಹೆಚ್ಚು ಓಡಬೇಕು. ಬೇಕೆಂದೇ ಮಾಡಿದ್ದಲ್ಲ, ಅಷ್ಟು ನಾನು ಆಣೆ ಮಾಡಿ ಹೇಳಬಲ್ಲೆ. ಮೋಸ ಮಾಡಲಿಕ್ಕೂ ಸ್ವಲ್ಪ ಲೆಕ್ಕ ಬರಬೇಕಾಗುತ್ತದೆ. ನೋಡುವವರಿಗೆ ಗೆರೆಗಳು ಒಂದರ ಮುಂದೊಂದು ಚೆಂದವಾಗಿ ಇದ್ದವು. ಸುತ್ತ ನಿಂತಿದ್ದ ಬೇರೆ ಕಾಲೇಜಿನ ಇಬ್ಬರು ಶಿಕ್ಷಕರಿಗೂ ಗೊತ್ತಾಗಿತ್ತು ಎಂದು ನನ್ನ ಅನುಮಾನ. ಒಬ್ಬರು ಟೋಪಿ ಸರಿ ಮಾಡಿಕೊಂಡರು, ಇನ್ನೊಬ್ಬರು ಫೋನು ತೆಗೆದರು. ಅವರೂ ನನ್ನ ಹಾಗೆ ತಾತ್ಕಾಲಿಕರೇ.

ತಂಡದ ಮ್ಯಾನೇಜರ್ ನಾನು. ಓಟಕ್ಕೆ ಮೊದಲು ಒಂದು ಮಾತು ಹೇಳಿದ್ದರೆ ಓಟ ನಿಲ್ಲುತ್ತಿತ್ತು, ಟೇಪು ತಂದು ಹತ್ತು ನಿಮಿಷದಲ್ಲಿ ಗೆರೆ ತಿದ್ದಬಹುದಿತ್ತು. ಹೇಳಲೆಂದೇ ಶಾಮಿಯಾನಕ್ಕೆ ಹೋದೆ. ತಜ್ಞರು ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದರು.

“ಸರ್, ಆ ನಾನೂರು ಮೀಟರಿನ ಗೆರಿ…” ಎಂದೆ.

“ಏನಮ್ಮಾ?” ಅವರು ತಲೆ ಎತ್ತಿದರು. “ಓ, ನೀ ಶಹಾಪುರದಾಕಿ ಅಲ್ಲಾ? ಸೋಮವಾರ ನಾನೇ ಬರಾಕತ್ತೇನಿ ನಿಮ್ಮ ಕಾಲೇಜಿಗೆ. ಗೊತ್ತದ ಇಲ್ಲೋ?”

“ಗೊತ್ತದ್ರಿ ಸರ್.”

“ಹಾಂ. ಗೆರಿ ಏನಾಗ್ಯಾವ? ಮುಂಜಾನಿ ನಾನೇ ನಿಂತು ಹಾಕ್ಸೀನಿ.”

ಅವರ ಪಕ್ಕದಲ್ಲಿ ಕೂತ ನಾಲ್ಕು ಜನ ನನ್ನ ಮುಖ ನೋಡಿದರು.

“ಚಂದ ಬಿದ್ದಾವ್ರಿ ಸರ್,” ಎಂದೆ. ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. “ಉಪ್ಪಿಟ್ಟೂ ಚಲೋ ಆಗ್ಯಾದ್ರಿ,” ಎಂದೂ ಸೇರಿಸಿದೆ. ನಾನು ಆ ಉಪ್ಪಿಟ್ಟು ತಿಂದೇ ಇರಲಿಲ್ಲ.

ಜೀವನದಲ್ಲಿ ಬಹಳ ಜನರನ್ನು ಕಂಡು ಅಸಹ್ಯಪಟ್ಟಿದ್ದೇನೆ. ಆ ಗಳಿಗೆಯ ನನ್ನ ಮೇಲೆ ಆದಷ್ಟು ಅಸಹ್ಯ ಯಾರ ಮೇಲೂ ಆಗಿಲ್ಲ.

ಹಿಂತಿರುಗುವಷ್ಟರಲ್ಲಿ ಆರೂ ಜನ ಗೆರೆಯ ಮೇಲೆ ನಿಂತಿದ್ದರು. ಹುಡುಗಿ ನನ್ನ ಕಡೆ ನೋಡಿದಳು. ನಾನು ಸರಿಯಿದೆ ಎಂಬಂತೆ ತಲೆ ಆಡಿಸಿದೆ. ಯಾಕೆ ಆಡಿಸಿದೆನೋ. ಓಟ ಶುರುವಾಯಿತು. ಕೊನೆಯ ತಿರುವು ಮುಗಿದಾಗ ಅವಳು ಐದನೆಯವಳು. ನೇರ ದಾರಿಗೆ ಬಂದ ಮೇಲೆ ಒಬ್ಬಳನ್ನು ಹಿಂದೆ ಹಾಕಿದಳು, ಇನ್ನೊಬ್ಬಳನ್ನು ಹಾಕಿದಳು. ಶಾಮಿಯಾನದವರೂ ಎದ್ದು ಕೂಗಿದರು. ಎರಡನೆಯವಳಿಗೂ ಇವಳಿಗೂ ನಡುವೆ ಒಂದು ತೋಳಿನಷ್ಟು ದೂರ ಉಳಿಯಿತು. ಮೂರನೇ ಸ್ಥಾನ.

“ಚಲೋ ಓಡತಾಳ. ಆದ್ರ ಸುರುವಾತ್ ನಿಧಾನ,” ಎಂದರು ತಜ್ಞರು, ಬಾಯಿ ಒರೆಸಿಕೊಳ್ಳುತ್ತ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಉಸಿರು ಹಿಡಿತಕ್ಕೆ ಬಂದ ಮೇಲೆ ಆರಂಭದ ಗೆರೆಗಳ ಕಡೆ ನಡೆದು ಹೋದಳು. ಐದನೇ ಗೆರೆಯ ಮೇಲೆ ಹಿಮ್ಮಡಿ ಇಟ್ಟು, ನಾನು ಕಲಿಸಿದ ಹಾಗೆಯೇ ಎಣಿಸುತ್ತ ಆರನೆಯದಕ್ಕೆ ನಡೆದಳು. ನಿಂತಳು. ತಿರುಗಿ ಇನ್ನೊಮ್ಮೆ ನಡೆದಳು. ಆಮೇಲೆ ನನ್ನ ಹತ್ತಿರ ಬಂದಳು.

“ಐದೇ ಅದಾವ್ರಿ ಮೇಡಂ.”

“ಹೂಂ.”

“ಹತ್ತು ಇರಬೇಕಿತ್ತಲ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ನೀವು ಎಣಸಿದ್ದು ನಾ ಆ ಗಿಡದ ಬುಡಕ ಕುಂತು ನೋಡೀನ್ರಿ. ಎರಡು ಸಲ ಎಣಸಿದ್ರಿ. ಮೇಡಂ ಎಣಸ್ಯಾರ ಅಂದ ಮ್ಯಾಲ ನಾ ಯಾಕ ಎಣಸಬೇಕು ಅಂತ ಬಂದು ನಿಂತೆ.”

ಶಹಾಪುರದ ತನಕ ಬಸ್ಸಿನಲ್ಲಿ ಅವಳು ಕಿಟಕಿಯ ಬದಿಗೆ ಕೂತಿದ್ದಳು, ನಾನು ಪಕ್ಕದಲ್ಲಿ. ಹಾಸ್ಟೆಲಿನ ಹತ್ತಿರ ಇಳಿಯುವಾಗ “ಬರ್ತೀನ್ರಿ ಮೇಡಂ” ಎಂದಳು. ಎಂದಿನ ಹಾಗೆಯೇ ಎಂದಳು. ನಾನು ಅಲ್ಲಿಂದ ಸುರಪುರದ ಬಸ್ಸು ಹಿಡಿದೆ.

ಸೋಮವಾರ ಸಂದರ್ಶನವಾಯಿತು. ತಜ್ಞರು ನನಗೆ ಕೇಳಿದ್ದು ಎರಡೇ ಪ್ರಶ್ನೆ: ವಾಲಿಬಾಲ್ ತಂಡದಲ್ಲಿ ಎಷ್ಟು ಜನ, ಮತ್ತು ಮದುವೆಯಾಗಿದೆಯೇ. “ಬಾಳ ಸಮಾಧಾನದ ಹೆಣ್ಮಗಳು ಅದಾಳ,” ಎಂದು ಮಂಡಳಿಯವರಿಗೆ ನನ್ನೆದುರೇ ಹೊಗಳಿದರು. ವಾರದ ನಂತರ ಪತ್ರ ಬಂತು. ನನ್ನ ಸೇವೆ ತೃಪ್ತಿಕರವಾಗಿದೆಯಂತೆ. ಆದರೆ ಸದ್ಯದ ಪರಿಸ್ಥಿತಿಯಲ್ಲಿ ಹುದ್ದೆಯನ್ನು ಖಾಯಂ ಮಾಡಲು ಬರುವುದಿಲ್ಲವಂತೆ, ತಾತ್ಕಾಲಿಕವಾಗಿ ಮುಂದುವರಿಯಬಹುದಂತೆ. ಇತಿಹಾಸದ ಮೇಷ್ಟ್ರು “ಹೋಗ್ಲಿ ಬಿಡ್ರಿ, ಸೀಟಿ ಅಂತೂ ಉಳೀತಲ್ಲ,” ಎಂದರು. ನಾನು ಒಬ್ಬ ಹುಡುಗಿಯ ಹತ್ತೊಂಬತ್ತು ಮೀಟರನ್ನು ಕೊಟ್ಟು ಕೊಂಡದ್ದು ಈ ಪತ್ರವನ್ನು. ಅದನ್ನು ಹರಿದು ಹಾಕುವ ಧೈರ್ಯವೂ ನನಗಿರಲಿಲ್ಲ. ಫೈಲಿನಲ್ಲಿದೆ.

ಈಗ ಅವಳದು ಕೊನೆಯ ವರ್ಷ. ಅವಳ ಅಪ್ಪನನ್ನು ಕಾಲೇಜಿಗೆ ಕರೆಸಿ, ಕೈ ಮುಗಿದು, ಇನ್ನೊಂದು ವರ್ಷ ಕೇಳಿಕೊಂಡೆ. ನನ್ನಿಂದಾದ ಪ್ರಾಯಶ್ಚಿತ್ತ ಅಷ್ಟೇ. ಈ ಬೇಸಿಗೆಯಲ್ಲೂ ಕರಪತ್ರಕ್ಕೆ ಸಾಲು ಕೇಳಿದರು. ಉಜ್ವಲ ಭವಿಷ್ಯವನ್ನು ಈ ಸಲ ಬರೆಯಲು ಕೈ ಬರಲಿಲ್ಲ. ಕಳೆದ ವರ್ಷದ್ದನ್ನೇ ಹಾಕಿಕೊಳ್ಳಿ ಎಂದೆ, ಹಾಕಿಕೊಂಡರು.

ಒಂದು ದಿನ ಅವಳಿಗೆ ಕೊನೆಗೂ ನಿಜ ಹೇಳಿದೆ. ಈ ದಾರಿಯಲ್ಲಿ ಏನೂ ಇಲ್ಲ, ಬೇರೆ ಏನಾದರೂ ಓದು ಎಂದೆ. ಅವಳು ಬೂಟಿನ ದಾರ ಕಟ್ಟುತ್ತಲೇ ಕೇಳಿಸಿಕೊಂಡಳು.

“ಇಲ್ರಿ ಮೇಡಂ, ಮಾಡತೀನ್ರಿ. ಗೆರಿ ನೋಡಿ ಹೇಳೂರು ಒಬ್ಬರಾದ್ರೂ ಬೇಕಲ್ರಿ.”

ಈಗಲೂ ಬೆಳಿಗ್ಗೆ ಆರಕ್ಕೆ ಬರುತ್ತಾಳೆ. ನಾನು ಮೊದಲೇ ಹೋಗಿ ಟೇಪು ಹಿಡಿದು ಸುಣ್ಣ ಹಾಕಿರುತ್ತೇನೆ. ಅವಳು ನಮಸ್ಕಾರ ಹೇಳಿ, ಬ್ಯಾಗು ಇಟ್ಟು, ನಾನು ಎಳೆದ ಗೆರೆಗಳನ್ನು ಒಂದೊಂದಾಗಿ ಹೆಜ್ಜೆ ಹಾಕಿ ಎಣಿಸುತ್ತಾಳೆ. ಒಂದನ್ನೂ ಬಿಡುವುದಿಲ್ಲ. ಅವಳು ಎಣಿಸಿ ಮುಗಿಸುವ ತನಕ ನಾನು ಸೀಟಿ ಹಿಡಿದು ಕಾಯುತ್ತೇನೆ.