ಸಾಹೇಬರಿಗೆ ಹೇಳದೆ ಬಿಟ್ಟದ್ದು

ಇದನ್ನು ಬರೆಯಲು ಕೂತು, ಬರೆಯದೆ ಎದ್ದು ನಾಲ್ಕು ವರ್ಷವಾಯಿತು. ಪ್ರತಿ ಸಲ ಏನಾದರೂ ನೆಪ ಸಿಗುತ್ತಿತ್ತು. ಕಬ್ಬಿಗೆ ನೀರಿನ ಪಾಳಿ, ಕಣ್ಣಿನ ಆಪರೇಷನ್, ಮೊಮ್ಮಗಳ ಮದುವೆ. ಈಗ ನೆಪಗಳು ಮುಗಿದಿವೆ.

ನನ್ನದು ಗಡಹಿಂಗ್ಲಜ ತಾಲೂಕಿನ ನೂಲ ಎಂಬ ಊರು. ಮನೆಮಾತು ಕನ್ನಡ, ಹತ್ತನೇ ಇಯತ್ತೆವರೆಗೆ ಓದಿದ್ದು ಮರಾಠಿ. ಎರಡೂ ಬರುತ್ತವೆ ಅನ್ನುವ ಕಾರಣಕ್ಕೇ ಗಡಹಿಂಗ್ಲಜದ ಬಾಯಿ ನನ್ನನ್ನು ತಮ್ಮ ಗುಂಪಿಗೆ ಸೇರಿಸಿಕೊಂಡದ್ದು. ಅವರು ನಿವೃತ್ತ ಶಿಕ್ಷಕಿ; ಶಿಕ್ಷಕಿಯನ್ನು ನಮ್ಮ ಕಡೆ ಬಾಯಿ ಎಂದೇ ಕರೆಯುವುದು. ಊರ ಹತ್ತು ಹನ್ನೆರಡು ಹೆಂಗಸರನ್ನು ಕೂಡಿಸಿಕೊಂಡು, ಸುಗ್ಗಿಯಲ್ಲಿ ಕಬ್ಬು ಕಡಿಯುವವರ ಜೋಪಡಿಗಳಿಗೆ ಹೋಗುತ್ತಿದ್ದರು. ಮುಂಗಡ ತೆಗೆದುಕೊಂಡವರು ಬಿಟ್ಟು ಹೋಗದಂತೆ ಅವರ ಮನೆಯ ಯಾರನ್ನಾದರೂ ಒತ್ತೆ ಹಿಡಿದಿಟ್ಟಿದ್ದಾರೋ ಎಂದು ಕೇಳುತ್ತಿದ್ದರು. ವಿಜಯಪುರದ ಕಡೆಯಿಂದ ಬಂದವರು ಆಡುವುದು ಕನ್ನಡ.

“ನನ್ನ ಕನ್ನಡಾ ಕೇಳಿದ್ರ ಎಮ್ಮಿನೂ ಹಾಲು ಕೊಡಾಂಗಿಲ್ಲ. ನೀವು ಬರ್ರಿ ಕಾಕಾ,” ಎಂದಿದ್ದರು ಬಾಯಿ.

ಆ ವರ್ಷ ನಮ್ಮೂರಿಗೆ ಬಂದ ಗ್ಯಾಂಗಿನಲ್ಲಿ ಐವತ್ತರ ಹತ್ತಿರದ ಒಬ್ಬ ಹೆಂಗಸು ಬಾಯಿಯವರ ಕೈ ಹಿಡಿದು ಅತ್ತಳು. ಗ್ಯಾಂಗು ಕಟ್ಟಿ ತಂದ ಮುಕಾದಮ ಪಕ್ಕದಲ್ಲೇ ಇದ್ದ, ಅವಳು ಕಾರಣ ಹೇಳಲಿಲ್ಲ. ಬಾಯಿ ತಾಲೂಕು ಕಚೇರಿಗೆ ಅರ್ಜಿ ಕೊಟ್ಟರು. ವಿಚಾರಣೆಗೆ ಅಲ್ಲಿಂದ ಕನ್ನಡ ಬಾರದ ಸಾಹೇಬರೊಬ್ಬರು ಬರುವುದು ಗೊತ್ತಾಯಿತು.

ಹಿಂದಿನ ದಿನ ಮುಕಾದಮ ನನ್ನ ಹೊಲದ ಬದುವಿನ ಮೇಲೆ ನಿಂತಿದ್ದ. ನನ್ನ ಕಬ್ಬಿಗೆ ತುರಾಯಿ ಬಂದಿತ್ತು. ಕಬ್ಬು ಹೂ ಬಿಟ್ಟರೆ ದಿನದಿನಕ್ಕೆ ಒಳಗಿನ ರಸ ಇಳಿಯುತ್ತದೆ.

“ಮಾಲಕರ, ಕಬ್ಬು ನಿಮ್ಮ ಮೀಸಿಗಿಂತ ಬೆಳ್ಳಗ ಆಗೇತಲ್ರಿ,” ಎಂದು ನಕ್ಕ. “ನಾಡದು ನಿಮ್ಮ ಪಾಳಿ. ಆದ್ರ ನಾಳೆ ಏನರ ಗದ್ದಲಾ ಆತು ಅಂದ್ರ, ಗ್ಯಾಂಗ್ ಎದ್ದು ಹೋಗತೈತಿ. ಆಮ್ಯಾಲ ನನಗ ಅನಬ್ಯಾಡ್ರಿ.”

ನಾನು ತುರಾಯಿಗಳ ಕಡೆ ನೋಡಿದೆ. ಅಲ್ಲಿಂದಲೇ ಶುರುವಾಯಿತು ಅಂತ ಈಗ ಅನಿಸುತ್ತದೆ.

ಮರುದಿನ ಶಾಲೆಯ ಕೋಣೆಯಲ್ಲಿ ಸಾಹೇಬರು, ಆ ಹೆಂಗಸು, ನಾನು. ಅವಳು ಹೆದರದೆ ಮಾತಾಡಲಿ ಎಂದು ಬಾಯಿ ಮುಕಾದಮನನ್ನು ಹೊರಗೆ ಕೂರಿಸಿಕೊಂಡು ಅದೂ ಇದೂ ಕೇಳುತ್ತ ತಡೆದಿದ್ದರು.

“ಹ್ವಾದ ಸುಗ್ಗ್ಯಾಗ ಮಗಾ ಗ್ಯಾಂಗ್ ಬಿಟ್ಟು ಓಡಿ ಹೋದಾನ್ರಿ ಅಣ್ಣಾರ,” ಅಂದಳು ಆಕೆ. “ಅದಕ್ಕ ಮುಕಾದಮ ನನ್ನ ಸೊಸೀನ ತನ್ನ ಮನ್ಯಾಗ ಇಟಗೊಂಡಾನ. ಭಾಂಡೆ ತಿಕ್ಕಾಕ, ಹೆಂಡಿ ಬಳ್ಯಾಕ. ಫೋನಿನ್ಯಾಗ ಮಾತಾಡಾಕೂ ಬಿಡವಲ್ಲ. ನಾವು ಹ್ವಾದ್ರ ಆಕಿನ್ನ ಬಿಡಾಂಗಿಲ್ಲ ಅಂತಾನ. ನಾ ಇಲ್ಲೇ ಸತ್ರೂ ಅಡ್ಡಿಯಿಲ್ಲ, ಆಕಿನ್ನ ಬಿಡಸ್ರಿ.”

ಸಾಹೇಬರು ನನ್ನ ಕಡೆ ನೋಡಿದರು. ನಾನು ಮರಾಠಿಯಲ್ಲಿ ಹೇಳಿದೆ: ಮಗ ಕೆಲಸ ಬಿಟ್ಟು ಹೋಗಿದ್ದಾನೆ, ಅದರ ಚಿಂತೆ ಹಚ್ಚಿಕೊಂಡಿದ್ದಾಳೆ, ಕೂಲಿ ಹೊತ್ತಿಗೆ ಸರಿಯಾಗಿ ಸಿಗುತ್ತಿಲ್ಲ ಅನ್ನುತ್ತಾಳೆ, ಬೇರೆ ತಕರಾರಿಲ್ಲ. ಸಾಹೇಬರು ಹಾಗೇ ಬರೆದುಕೊಂಡರು. ಅವಳ ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿಸಿದೆ.

ಸಾಹೇಬರು ಹೊರಗೆ ಹೋದ ಮೇಲೆ ಅವಳು ಏಳಲಿಲ್ಲ.

“ಅಣ್ಣಾರ, ಏಳು ಸುಗ್ಗಿ ಈ ಮುಲಕಿನ್ಯಾಗ ಕಬ್ಬು ಕಡದೇನಿ. ಮರಾಠಿ ಬರಾಂಗಿಲ್ಲ ಖರೆ, ಸೊಸಿಗೆ ಸೂನ ಅಂತಾರ ಅನ್ನೋದಷ್ಟು ಗೊತ್ತೈತಿ. ಆ ಮಾತು ನಿಮ್ಮ ಬಾಯಾಗ ಬರಲೇ ಇಲ್ಲಲ್ರಿ?”

“ಸಾಹೇಬ್ರ ಮುಂದ ಬ್ಯಾರೇ ರೀತೀಲೆ ಹೇಳಬೇಕಾಕ್ಕೈತಿ. ಕಾಯದೇ ಮಾತು ನಿನಗ ತಿಳ್ಯಾಂಗಿಲ್ಲ.”

ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು “ಹೌದ್ರಿ,” ಅಂದಳು.

ಮಾರನೆಯ ದಿನ ಅದೇ ಗ್ಯಾಂಗು ನನ್ನ ಹೊಲ ಕಡಿಯಿತು. ಅವಳೂ ಇದ್ದಳು. ನನ್ನ ಹೆಂಡತಿ ಚಹಾ ಒಯ್ದಾಗ “ಚಾ ಚಲೋ ಆಗೈತ್ರಿ ಅಕ್ಕಾರ,” ಅಂದಳಂತೆ. ನನ್ನ ಕಡೆ ತಿರುಗಿ ನೋಡಲಿಲ್ಲ. ಸಂಜೆಗೆ ಹೊಲ ಬಯಲಾಯಿತು. ಮುಂದಿನ ಸುಗ್ಗಿಗೆ ಅವಳು ಬರಲಿಲ್ಲ.

ಆ ಸುಗ್ಗಿಯಲ್ಲಿ ಬೇರೊಂದು ಗ್ಯಾಂಗಿನ ಹೆಂಗಸರಿಂದ ಬಾಯಿಗೆ ಅವಳ ಸೊಸೆಯ ಸುದ್ದಿ ಸಿಕ್ಕಿತು. ಗುಂಪಿನವರು ಪೊಲೀಸರನ್ನು ಕರೆದುಕೊಂಡು ಮುಕಾದಮನ ಮನೆಗೇ ಹೋಗಿ ಆ ಸೊಸೆಯನ್ನು ಹೊರಗೆ ತಂದರು. ನನ್ನಿಂದಾಗಿ ಇನ್ನೂ ಒಂದು ವರ್ಷ ಅವಳು ಅಲ್ಲಿ ಹೆಂಡಿ ಬಳಿದಿದ್ದಳು. ಆಮೇಲೆ ಕೊಲ್ಲಾಪುರದಲ್ಲಿ ಒಂದು ಸಭೆ. ಸೊಸೆ ಕನ್ನಡದಲ್ಲಿ ಮಾತಾಡಿದಳು, ಮರಾಠಿಯಲ್ಲಿ ಹೇಳಲು ಪಕ್ಕದಲ್ಲಿ ನಿಂತವನು ನಾನು.

“ನಮ್ಮತ್ತಿ ನನ್ನ ಸುದ್ದೀನ ತಗೀಲಿಲ್ಲರಿ. ಸಾಹೇಬ್ರು ಕೇಳಿದ್ರೂ ಹೇಳಿಲ್ಲ, ಆ ಕಾಗದಾ ನನಗ ಓದಿ ತೋರಿಸ್ಯಾರ. ಆಕಿಗೆ ಮಗಂದಷ್ಟ ಚಿಂತಿ. ನಾ ಇನ್ನ ಆ ಮನಿಗೆ ಹೋಗಾಂಗಿಲ್ಲ.”

ಅಷ್ಟನ್ನೂ ನಾನು ಮರಾಠಿಯಲ್ಲಿ ಹೇಳಿದೆ, ಒಂದು ಮಾತೂ ಬಿಡದೆ. ಜನ ಚಪ್ಪಾಳೆ ತಟ್ಟಿದರು. ಬಾಯಿ ನನ್ನ ಬೆನ್ನು ತಟ್ಟಿ, “ಭಾಳ ಚಲೋ ಹೇಳಿದ್ರಿ ಕಾಕಾ,” ಅಂದರು. ಅಂದಿನಿಂದ ಎಲ್ಲ ಕಡೆ ನನ್ನನ್ನು ದೊಡ್ಡ ಮನುಷ್ಯನಂತೆ ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಾರೆ. ನಾನೂ ಕೂರುತ್ತ ಬಂದೆ.

ಸೊಸೆ ಈಗ ಇಚಲಕರಂಜಿಯಲ್ಲಿ ಮಗ್ಗಕ್ಕೆ ನೂಲು ಸುತ್ತಿಕೊಡುವ ಕೆಲಸ ಮಾಡುತ್ತಾಳೆ. ಹೋದ ತಿಂಗಳು ಅವಳ ಬಾಗಿಲಿಗೆ ಹೋಗಿ ಎಲ್ಲ ಹೇಳಿದೆ. ತಪ್ಪಾಯಿತು ಅಂದೆ.

“ಎರಡು ಸಲ ಫೋನ್ ಮಾಡಿದ್ಲ್ರಿ ನಮ್ಮತ್ತಿ. ನಾ ಎತ್ತಲಿಲ್ಲ,” ಅಂದಳು. ಆಮೇಲೆ, “ನನಗ ಹೇಳಿ ಏನ್ ಮಾಡ್ತೀರಿ ಅಜ್ಜಾರ,” ಎಂದು ಒಳಗೆ ಹೋದಳು.

ಬಾಯಿಗೂ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಈಗ ಗುಂಪಿನವರು ವಿಚಾರಣೆಗೆ ಎರಡೂ ಭಾಷೆ ಬಲ್ಲ ಇಬ್ಬರನ್ನು ಕಳಿಸುತ್ತಾರೆ, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹೇಳಲಿ ಎಂದು. ಊರಲ್ಲಿ ಹೊಲ ಇರುವವರನ್ನು ಕಳಿಸುವುದಿಲ್ಲ.

ವಿಜಯಪುರದ ಆಚೆ ಒಂದು ತಾಂಡಾ ಇದೆ. ಬಸ್ಸಿನಲ್ಲಿ ಒಂದು ದಿನದ ದಾರಿ. ಇವರಿಬ್ಬರಿಗೂ ಕೈಮುಗಿದ ನಾನು ಆ ಬಸ್ಸು ಹತ್ತಿಲ್ಲ. ಸೊಸೆ ಬದುಕಲಿ ಎಂದು ತಾನು ಸಾಯಲೂ ತಯಾರಿದ್ದವಳು, ನನ್ನಿಂದ ಸೊಸೆಯ ಕಣ್ಣಲ್ಲಿ ಕೆಟ್ಟವಳಾದವಳು, ನಾನು ಇನ್ನೂ ಕ್ಷಮೆ ಕೇಳದವಳು ಅಲ್ಲಿದ್ದಾಳೆ: ಆ ಅತ್ತೆ.