ಅಪ್ಪ ಉಜ್ಜಿಟ್ಟ ತಗಡು

ಮೈಸೂರು ರಸ್ತೆಯ ನಡುವೆ ಮೆಟ್ರೊ ಕಂಬಗಳು ಒಂದೊಂದಾಗಿ ಏಳುತ್ತಿದ್ದ ವರ್ಷಗಳವು. ಒಂದು ಬೇಸಿಗೆ ರಜೆಯಲ್ಲಿ ಕುರುಬರಹಳ್ಳಿಯ ನಮ್ಮ ಬೀದಿಯ ಮಕ್ಕಳೆಲ್ಲ ಲಗೋರಿ ಆಡಿಕೊಂಡಿದ್ದರೆ, ಆರನೇ ಕ್ಲಾಸು ಮುಗಿಸಿದ್ದ ನಾನು ಮಾತ್ರ ಮಹಡಿ ಮನೆಯ ನಳಿನಾ ಆಂಟಿಯ ಬಾಲ ಹಿಡಿದಿದ್ದೆ. ಆಂಟಿ ಕಲಾವಿದೆ. ಅವರ ಕೋಣೆಯಲ್ಲಿ ಸದಾ ಮಸಿ, ಸೀಮೆಎಣ್ಣೆಯ ವಾಸನೆ. ತಗಡಿನ ಮೇಲೆ ಚೂಪು ಸೂಜಿಯಿಂದ ಚಿತ್ರ ಗೀರಿ, ಮಸಿ ಬಳಿದು ಒರೆಸಿ, ಒದ್ದೆ ಕಾಗದಕ್ಕೆ ಒತ್ತುತ್ತಿದ್ದರು. ಅದಕ್ಕೆ ಡ್ರೈಪಾಯಿಂಟ್ ಎನ್ನುತ್ತಾರಂತೆ.

"ಗೀರಿದಾಗ ಪಕ್ಕದಲ್ಲಿ ಸಣ್ಣ ಸಿಬಿರು ಏಳುತ್ತೆ ನೋಡು, ಮಸಿ ಹಿಡಿಯೋದೇ ಅದು. ಅದನ್ನ ಸವೆಸ್ಬೇಡ ಕಣೇ" ಎಂದು ನೂರು ಸಲ ಹೇಳಿದ್ದರು.

ನಮ್ಮಪ್ಪ ನಾಯಂಡಹಳ್ಳಿಯ ವರ್ಕ್‌ಶಾಪೊಂದರಲ್ಲಿ ತಗಡಿನ ಕೆಲಸ ಮಾಡುತ್ತಿದ್ದ. ತಗಡನ್ನು ಉರುಳೆಗಳ ನಡುವೆ ಹಾಯಿಸಿ ಬಾಗಿಸಲು ಕೈಯಲ್ಲಿ ತಿರುಗಿಸುವ ರೋಲರ್ ಯಂತ್ರ ಅಲ್ಲಿತ್ತು. ಮೆಟ್ರೊಗಾಗಿ ವರ್ಕ್‌ಶಾಪಿನ ಶೆಡ್ ಕೆಡವುತ್ತಾರೆ, ಸೋಮವಾರ ಯಂತ್ರ ಯಾರದೋ ಪಾಲಾಗುತ್ತದೆ ಎಂದು ಗೊತ್ತಾದಾಗಿನಿಂದ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಆ ಯಂತ್ರದ ಮುಂದೆ ನಿಂತ ಅಪ್ಪನ ಚಿತ್ರವನ್ನು ಅದೇ ಯಂತ್ರದಲ್ಲಿ ಒತ್ತಿ ಅವನ ಕೈಗೆ ಕೊಡಬೇಕು ಎಂದು ನಾನು ಹಠ ತೊಟ್ಟೆ. ಓನರ್ ಕೊನೆಯ ಭಾನುವಾರ ಬನ್ನಿ ಎಂದರು. ಹನ್ನೆರಡು ದಿನ ಕೂತು ಗೀರಿದೆ. ಹೆಬ್ಬೆರಳಲ್ಲಿ ಬೊಬ್ಬೆ ಬಂತು.

ಭಾನುವಾರ ಬೆಳಿಗ್ಗೆ ತಗಡು ಮುಟ್ಟಿದರೆ ಕನ್ನಡಿಯಂತೆ ನುಣ್ಣಗಿದೆ!

"ಅಪ್ಪಾ, ಏನು ಮಾಡ್ದೆ ಇದನ್ನ?"

"ಬರೀ ಸಿಬಿರು ಇತ್ತಮ್ಮ. ನಿನ್ ಕೈ ಕುಯ್ದುಬಿಟ್ಟೀತು ಅಂತ ನಿನ್ನೆ ಸಂಜೆ ಎಮರಿ ಪೇಪರಲ್ಲಿ ಉಜ್ಜಿಟ್ಟೆ."

ಸಿಬಿರು ಉಳಿದ ತಗಡನ್ನು ಗಿರಾಕಿಯ ಕೈಗೆ ಕೊಡುವುದು ಅಪ್ಪನ ಕಸುಬಿನಲ್ಲಿ ಅವಮಾನ. ಅದೆಲ್ಲ ಆಗ ನನಗೆಲ್ಲಿ ಹೊಳೆಯಬೇಕು? ನನ್ನ ಕೋಪವೋ, ಮೂಗಿನ ತುದಿಯಲ್ಲೇ.

"ತಗಡು ಉಜ್ಜೋದು ಬಿಟ್ರೆ ನಿಂಗೆ ಇನ್ನೇನು ಗೊತ್ತು!" ಎಂದು ಕಿರುಚಿದೆ. ಅಪ್ಪನ ಮುಖ ಸಪ್ಪಗಾಯಿತು.

ಗಲಾಟೆ ಕೇಳಿ ಇಳಿದುಬಂದ ಆಂಟಿ, "ಅತ್ತಿದ್ದು ಸಾಕು. ನುಣ್ಣಗಿರೋ ತಗಡಿಗೆ ಪೂರ್ತಿ ಮಸಿ ಬಳಿ, ಬಟ್ಟೆಲಿ, ಬೆರಳಲ್ಲಿ ಒರೆಸ್ತಾ ಚಿತ್ರ ತೆಗಿ. ಮೊನೊಟೈಪ್ ಅಂತಾರೆ. ಒಂದ್ಸಲ ಬರೆದ್ರೆ ಒಂದೇ ಪ್ರತಿ, ಅಷ್ಟೆ" ಎಂದರು.

ಮೂವರೂ ಬಸ್ಸು ಹತ್ತಿ ಶೆಡ್ಡಿಗೆ ಹೋದೆವು. ಅಪ್ಪನನ್ನು ಯಂತ್ರದ ಪಕ್ಕ ನಿಲ್ಲಿಸಿ, ನೋಡುತ್ತ ಮಸಿ ಒರೆಸಿದೆ. ಮೊದಲ ಸಲ ಅರ್ಧ ಮುಖವೇ ಬರಲಿಲ್ಲ. ಅಳಿಸಿ ಮತ್ತೆ ಬರೆದೆ. ಎರಡನೇ ಸಲ ಕಾಗದ ಹರಿಯಿತು. ಅಮ್ಮ ಕಟ್ಟಿಕೊಟ್ಟ ಮಾವಿನಕಾಯಿ ಚಿತ್ರಾನ್ನ ಡಬ್ಬಿಯಲ್ಲೇ ಆರಿತು. "ನಾಳೆ ಮನೇಲಿ ಮಾಡಿದ್ರಾಯ್ತು ಬಾರಮ್ಮ" ಎಂದ ಅಪ್ಪ. ಬರುವುದಿಲ್ಲ ಎಂದು ಮೂರನೇ ಸಲ ಬರೆದೆ. ಮತ್ತೆ ಕಾಗದ ಹರಿಯದಿರಲೆಂದು ಅಪ್ಪ ಹುಡುಕಿ ಒಂದು ಹಳೇ ಕಂಬಳಿ ತುಂಡು ತಂದ. ಅದನ್ನು ಕಾಗದದ ಮೇಲೆ ಹಾಸಿ, ಇಬ್ಬರೂ ಸೇರಿ ಯಂತ್ರದ ಹಿಡಿಕೆ ತಿರುಗಿಸಿದೆವು.

ಕಾಗದ ಎತ್ತಿದರೆ ಅಪ್ಪ ಇದ್ದ! ಬಗ್ಗಿದ ಹೆಗಲು, ದಪ್ಪ ಬೆರಳು, ಹಿಂದೆ ಯಂತ್ರ. ಅಪ್ಪ ಎಷ್ಟೋ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, "ಇದನ್ನ ನಾನು ಹಾಳು ಮಾಡ್ಲಿಲ್ಲ ಅಲ್ವೇನಮ್ಮ?" ಎಂದ.

ಇಲ್ಲಪ್ಪ ಎನ್ನಬೇಕಿತ್ತು. ಕೋಪ ಇನ್ನೂ ಇಳಿದಿರಲಿಲ್ಲ. ಸುಮ್ಮನೆ ಕೈ ತೊಳೆಯಲು ಹೋದೆ.

ಶೆಡ್ ಇದ್ದಲ್ಲಿ ಈಗ ಸ್ಕೂಟರುಗಳು ನಿಲ್ಲುತ್ತವೆ. ಅಪ್ಪ ಹೋಗಿ ಮೂರು ವರ್ಷವಾಯಿತು. ನನಗೀಗ ಸ್ವಂತ ಪ್ರೆಸ್ ಇದೆ, ದಿನವೂ ಗೀರುತ್ತೇನೆ, ಬಿಡುವವಳಲ್ಲ. ಸಿಬಿರು ಬೆರಳು ಕುಯ್ಯುತ್ತಲೇ ಇರುತ್ತದೆ. ನನಗಿಂತ ಮೊದಲು ತಗಡು ಮುಟ್ಟಿ ನೋಡುವವರು ಮನೆಯಲ್ಲಿ ಯಾರೂ ಇಲ್ಲ.