ನೂರೈವತ್ತು ವ್ಯಾಟಿನಲ್ಲಿ ಚಾರ್ಮಾಡಿ

ಮಲ್ಲಿಕಾರ್ಜುನಪ್ಪ ಎಂಬ ಹೆಸರು ಅವರ ಆಧಾರ್ ಕಾರ್ಡಿನಲ್ಲಿ ಮಾತ್ರ ಇದೆ. ಮೂಡಿಗೆರೆಯಿಂದ ಉಜಿರೆಯವರೆಗೆ ರಸ್ತೆಯ ಎರಡೂ ಬದಿಯವರಿಗೆ ಅವರು ಮಲ್ಲಣ್ಣ. ಆ ದಾರಿಯಲ್ಲಿ ಖಾಸಗಿ ಬಸ್ಸು ಓಡಿಸಿದವರು. ನಾನು ವೆಂಕಟೇಶ, ಅದೇ ಬಸ್ಸಿನ ಕಂಡಕ್ಟರ್. ಅವರು ಸ್ಟಿಯರಿಂಗ್ ಹಿಡಿದಷ್ಟು ಕಾಲವೂ ನಾನು ಹಿಂದಿನ ಬಾಗಿಲಲ್ಲಿ ಜೋತುಬಿದ್ದಿದ್ದೆ. ಅವರ ಕೈಯಲ್ಲಿ ಅವರ ಹೆಂಡತಿ ಶಿವಗಂಗಮ್ಮನಿಗಿಂತ ಹೆಚ್ಚು ಬೈಸಿಕೊಂಡವನು ನಾನೇ, ಅನುಮಾನವೇ ಬೇಡ.

ಅಷ್ಟು ವರ್ಷ ಚಾರ್ಮಾಡಿ ಘಾಟಿ ಹತ್ತಿ ಇಳಿದರೂ ಮಲ್ಲಣ್ಣ ಒಂದು ದಿನ ಗಾಡಿಯನ್ನು ಚರಂಡಿಗೆ ಇಳಿಸಿದವರಲ್ಲ. ಅದನ್ನು ಊರಿಗೆಲ್ಲ ಹೇಳದೆ ಬಿಟ್ಟವರೂ ಅಲ್ಲ. ಹೀಗಿರುವಾಗ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಹತ್ತಿರದ್ದು ಕಾಣುತ್ತದೆ, ದೂರದ್ದೆಲ್ಲ ಕಲಸಿಕೊಳ್ಳುತ್ತದೆ. ಡಾಕ್ಟರು "ಇನ್ನು ಗಾಡಿ ಮುಟ್ಟಬೇಡಿ" ಅಂದರು. ಮಾಲೀಕರು ಒಂದು ಶಾಲು ಹೊದಿಸಿ ಕೀ ಇಸಕೊಂಡರು. ಅವತ್ತಿನಿಂದ ಮನುಷ್ಯ ಕೊಟ್ಟಿಗೆಹಾರದ ತನ್ನ ಮನೆಯ ಜಗಲಿಯಲ್ಲಿ ಕೂತು, ಹೋಗುವ ಬಸ್ಸುಗಳ ಸದ್ದು ಕೇಳುತ್ತಾ, "ಥೂ, ಸೆಕೆಂಡಿಗೆ ಹಾಕೋ ಕತ್ತೆ!" ಎಂದು ಬೈಯುವುದೇ ಕೆಲಸ ಮಾಡಿಕೊಂಡರು. ಆ ಡ್ರೈವರುಗಳಿಗೆ ಕೇಳಿಸುವುದಿಲ್ಲ. ಮನೆಯವರಿಗೆ ಕೇಳಿಸುತ್ತದಲ್ಲ!

ಮಗಳು ರಶ್ಮಿ ಮೂಡಿಗೆರೆಯಲ್ಲಿ ಟೀಚರು. ಅವಳು ಮನೆಗೊಂದು ಆಲ್-ಇನ್-ಒನ್ ಕಂಪ್ಯೂಟರ್ ತಂದಳು. ಬರೀ ಒಂದು ಪರದೆ, ಅದರ ಬೆನ್ನಲ್ಲೇ ಎಲ್ಲವೂ ಅಡಗಿದೆ. ಟೇಬಲ್ ಕೆಳಗೆ ಡಬ್ಬವಿಲ್ಲ, ವಯರುಗಳ ಗೋಜಲಿಲ್ಲ. ಶಿವಗಂಗಮ್ಮನಿಗೆ ಅದಕ್ಕೇ ಇಷ್ಟವಾಯಿತು. ರಶ್ಮಿ ಅದಕ್ಕೆ ಬಸ್ಸು ಓಡಿಸುವ ಒಂದು ಆಟ ಹಾಕಿ, ಸ್ಟಿಯರಿಂಗು, ಗೇರು, ಪೆಡಲು ಜೋಡಿಸಿ ಅಪ್ಪನನ್ನು ಕೂರಿಸಿದಳು. ಯಾರೋ ಪುಣ್ಯಾತ್ಮ ನಮ್ಮ ಚಾರ್ಮಾಡಿ ರಸ್ತೆಯನ್ನೇ ತಿರುವು ತಿರುವಾಗಿ ಆ ಆಟದೊಳಗೆ ಇಳಿಸಿಟ್ಟಿದ್ದ.

ಮಲ್ಲಣ್ಣ ನನಗೆ ಫೋನ್ ಮಾಡಿದರು. "ಬಾ ಮಾರಾಯ, ಗಾಡಿ ಹೊರಡ್ತದೆ."

"ನಾನೆಂತ ಮಾಡ್ಲಿ ಅಲ್ಲಿ?"

"ರೈಟ್ ಹೇಳೋರು ಬೇಡ್ವಾ?"

ಹೋದೆ. ಕುರ್ಚಿಯ ಹಿಂದೆ ನಿಂತು ರೈಟ್ ಅಂದೆ. ನನ್ನ ಹಣೆಬರಹ ನೋಡಿ! ಬಸ್ಸು ಹೊರಟಿತು. ಮೊದಲ ದೊಡ್ಡ ತಿರುವಿನಲ್ಲಿ ಮರಗಳು, ಬಂಡೆ, ದೂರದ ಬೆಟ್ಟ ಎಲ್ಲ ಒಟ್ಟಿಗೆ ಕಾಣಿಸಿಕೊಳ್ಳಬೇಕಲ್ಲ, ಚಿತ್ರ ಅಲ್ಲೇ ನಿಂತುಬಿಟ್ಟಿತು. ಮತ್ತೆ ಅಲ್ಲಾಡುವಷ್ಟರಲ್ಲಿ ಬಸ್ಸು ಪ್ರಯಾಣಿಕರ ಸಮೇತ ಕಣಿವೆಯಲ್ಲಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಮಲ್ಲಣ್ಣನ ಮುಖ ನೋಡಿದ ಮೇಲೆ ತಡೆದುಕೊಂಡೆ. ಮತ್ತೆ ಓಡಿಸಿದರು, ಮತ್ತೆ ಕಣಿವೆ. ವಾರವಿಡೀ ಇದೇ. ಜಗಲಿಗೂ ಬರುವುದಿಲ್ಲ, ಬಸ್ಸುಗಳನ್ನು ಬೈಯುವುದೂ ಇಲ್ಲ. ಶಿವಗಂಗಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ವೆಂಕಟೇಶಣ್ಣ, ಇವ್ರು ರೊಟ್ಟಿ ಮುಟ್ತಾ ಇಲ್ಲ. ‘ನನ್ ಕೈಯಲ್ಲಿ ಗಾಡಿ ಬಿತ್ತು, ಡಾಕ್ಟ್ರು ಹೇಳಿದ್ದೇ ಸರಿ’ ಅಂತಾರೆ. ಏನಾದ್ರೂ ಮಾಡಿ" ಎಂದು ಕಣ್ಣೊರೆಸಿಕೊಂಡರು. ಆಗ ನನಗೂ ಆಟವೆನಿಸಲಿಲ್ಲ.

ಬಸ್ ಸ್ಟ್ಯಾಂಡಿನ ಪಕ್ಕ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವ ಸಫ್ದರನನ್ನು ಕರೆತಂದೆ. ಅವನು ನೋಡಿ, "ಇದ್ರ ಗ್ರಾಫಿಕ್ಸ್ ಸಣ್ಣದು ಮಲ್ಲಣ್ಣ, ಇಷ್ಟೆಲ್ಲ ಚಿತ್ರ ಬಿಡಿಸೋಕೆ ದಮ್ಮಿಲ್ಲ" ಅಂದ.

"ಹಾಗಾದ್ರೆ ದೊಡ್ಡದು ಹಾಕು. ಇಂಜಿನ್ ಬದಲಾಯ್ಸಿದ್ರಾಯ್ತು."

"ಎಲ್ಲಿ ಹಾಕ್ಲಿ? ದೊಡ್ಡ ಕಾರ್ಡು ಮೊಳದುದ್ದ ಇರ್ತದೆ. ಇಲ್ಲಿ ಅಂಗೈ ತೂರ್ಸೋಕೂ ಜಾಗ ಇಲ್ಲ, ಇರೋದನ್ನ ಬೋರ್ಡಿಗೇ ಬೆಸೆದುಬಿಟ್ಟಿದಾರೆ. ಮತ್ತೆ ಈ ಅಡಾಪ್ಟರ್ ಕೊಡೋದೇ ನೂರೈವತ್ತು ವ್ಯಾಟು. ಆ ಕಾರ್ಡು ಒಂದೇ ಇನ್ನೂರರ ಮೇಲೆ ಕೇಳ್ತದೆ."

ಮಲ್ಲಣ್ಣ ಮೊದಲಿನದೆಲ್ಲ ಬಿಟ್ಟು ಕೊನೆಯದನ್ನು ಹಿಡಿದುಕೊಂಡರು. ನಮ್ಮ ಕಡೆ ಮೋಟಾರು ಸುಟ್ಟರೂ, ಟ್ಯೂಬ್‌ಲೈಟು ಮಿಣುಕಿದರೂ, ಮಿಕ್ಸಿ ಗೊರಗೊರ ಅಂದರೂ ತಪ್ಪು ಕರೆಂಟಿನದೇ. ಲೋ ವೋಲ್ಟೇಜು ಅಂದುಬಿಟ್ಟರೆ ಮುಗಿಯಿತು, ಬೇರೆ ತಪಾಸಣೆಯೇ ಇಲ್ಲ. ಮಲ್ಲಣ್ಣ ಆ ಸಂಜೆಯೇ ಜಾವಳಿ ಕಡೆಯ ಪ್ಲಾಂಟರ್ ಬಸವಪ್ರಸಾದರಿಗೆ ಫೋನ್ ಹಚ್ಚಿದರು. ಅವರ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆಂದು ಇಟ್ಟ ಜನರೇಟರು ಮಳೆಗಾಲದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಬಸವಪ್ರಸಾದರ ಮಕ್ಕಳು ಶಾಲೆಗೆ ಹೋಗಿ ಬಂದದ್ದು ಮಲ್ಲಣ್ಣನ ಬಸ್ಸಿನಲ್ಲೇ. ಇಲ್ಲವೆನ್ನಲು ಅವರಿಗೆ ಬಾಯಿ ಬರಲಿಲ್ಲ.

ಮರುದಿನ ಪಿಕಪ್ ಗಾಡಿಯಲ್ಲಿ ಜನರೇಟರು ಬಂತು. ಇಳಿಸಲು ಮೇಸ್ತ್ರಿ, ಜೊತೆಗೆ ಗಟ್ಟಿ ಆಳುಗಳು. ಅಕ್ಕಪಕ್ಕದವರು ರಶ್ಮಿಗೆ ಗಂಡು ಗೊತ್ತಾಯಿತು ಎಂದುಕೊಂಡು, ಊಟ ಎಷ್ಟು ಹೊತ್ತಿಗೆ ಎಂದು ನನ್ನನ್ನೇ ಕೇಳಿದರು. ಜನರೇಟರು ಚಾಲೂ ಆದದ್ದೇ ಅಂಗಳದ ಕೋಳಿಗಳು ದಿಕ್ಕಾಪಾಲು, ಅಡುಗೆಮನೆಯ ಲೋಟಗಳೆಲ್ಲ ಗಡಗಡ. ಆ ಗದ್ದಲದಲ್ಲಿ ಮಲ್ಲಣ್ಣ ಕಂಪ್ಯೂಟರ್ ಮುಂದೆ ಕೂತು, "ಈಗ ನೋಡು ಪಿಕಪ್ಪು!" ಎಂದು ಕೂಗಿದರು. ನಾನು ಗಂಟಲು ಹರಿಯುವಂತೆ ರೈಟ್ ಅಂದೆ.

ಅದೇ ತಿರುವು. ಅದೇ ಕಣಿವೆ.

ಮೇಸ್ತ್ರಿ ಕಿಟಕಿಯಿಂದ ಇಣುಕಿ, "ಅಯ್ಯೋ, ಬಿತ್ತಲ್ಲ!" ಅಂದ. ನಾನು ಅವನನ್ನು ಹೊಡೆಯುವುದೊಂದು ಬಾಕಿ.

ಸಫ್ದರ ಓಡಿಬಂದು ಜನರೇಟರು ನಿಲ್ಲಿಸಿದ. "ಟ್ಯಾಂಕು ಎಷ್ಟು ದೊಡ್ಡದಾದ್ರೆ ಎಂತ ಬಂತು ಮಲ್ಲಣ್ಣ? ಡೀಸೆಲ್ ಪಂಪು ಇಂಜಿನ್ನಿಗೆ ಬಿಡೋದು ತನ್ನ ಲೆಕ್ಕದಷ್ಟೇ. ಅಡಾಪ್ಟರೂ ಹಂಗೇ. ನೀವು ಇಡೀ ಊರಿನ ಕರೆಂಟ್ ತಂದು ಸುರಿದ್ರೂ ಈ ಮೆಷಿನ್ನು ಕುಡಿಯೋದು ಅಷ್ಟೇ."

ಮಲ್ಲಣ್ಣನಿಗೆ ಈಗ ಅರ್ಥವಾಯಿತು. ಸ್ಟಿಯರಿಂಗನ್ನು ಸವರುತ್ತಾ, "ಹಾಗಾದ್ರೆ ನನ್ ಗಾಡಿ ಇಷ್ಟೇನಾ?" ಅಂದರು. ಕೇಳಲಾಗಲಿಲ್ಲ ನನಗೆ.

"ಲೋಡ್ ಇಳಿಸೋಣ" ಅಂದ ಸಫ್ದರ. ಅವನು ಸೆಟ್ಟಿಂಗಿನಲ್ಲಿ ಒಂದೊಂದೇ ತೆಗೆಯತೊಡಗಿದ. ನೆರಳು ತೆಗೆದ, ಮಲ್ಲಣ್ಣ ಒಪ್ಪಿದರು. ಕನ್ನಡಿಯ ಪ್ರತಿಬಿಂಬಕ್ಕೆ ಕೈ ಹಾಕಿದಾಗ ಗೊಣಗಿದರು. ಪ್ರಯಾಣಿಕರನ್ನು ಮಾಯ ಮಾಡಿದಾಗ ಎದ್ದು ನಿಂತರು. "ಕೂರ್ಸೋ ಅವ್ರನ್ನ! ಖಾಲಿ ಗಾಡಿ ಇಳ್ಸೋಕೆ ನಂಗೇನು ಮರ್ಲಾ?"

ಮರ ತೆಗೆದರೆ, "ಇದೆಂತ ಚಾರ್ಮಾಡಿಯಾ, ಬೋಳುಗುಡ್ಡವಾ?"

ಮಳೆ ತೆಗೆದರೆ ಸ್ಟಿಯರಿಂಗಿನಿಂದ ಕೈಯನ್ನೇ ತೆಗೆದುಬಿಟ್ಟರು.

ಸಫ್ದರನಿಗೂ ರೇಗಿತು. ಮರ, ಮಳೆ, ಜನ ಎಲ್ಲ ವಾಪಸ್ ಹಾಕಿದ. "ಉಳಿದಿರೋದು ಒಂದೇ. ದೂರದ್ದು ಬಿಡಿಸ್ಬೇಡ ಅಂತ ಹೇಳ್ಬಹುದು ಇದಕ್ಕೆ. ಬಸ್ಸಿನ ಮೂತಿ ಮುಂದೆ ಸ್ವಲ್ಪ ಕಾಣ್ತದೆ, ಅದ್ರಾಚೆ ಮೆಷಿನ್ನು ಬರೀ ಬೆಳ್ಳಗೆ ಹೊಗೆ ಹಾಕಿ ಮುಚ್ಚಿಬಿಡ್ತದೆ. ಆಡೋಕೆ ಚೆನ್ನಾಗಿರಲ್ಲ, ಮೊದ್ಲೇ ಹೇಳ್ತೀನಿ." ಹೇಳಿ ಒಂದು ಗುಂಡಿ ಎಳೆದ. ಬೆಟ್ಟ ಹೋಯಿತು, ಕಣಿವೆ ಹೋಯಿತು. ನಾಲ್ಕು ಮಾರು ರಸ್ತೆ ಬಿಟ್ಟರೆ ಪರದೆಯೆಲ್ಲ ಬಿಳುಪು.

"ಕೆಟ್ಟೋಯ್ತು, ಸಾರಿ" ಎಂದು ಸಫ್ದರ ಕೈ ಚಾಚಿದ. ಮಲ್ಲಣ್ಣ ಆ ಕೈ ತಳ್ಳಿದರು. ಮುಂದಕ್ಕೆ ಬಾಗಿ ನೋಡಿದರು. ಲುಂಗಿ ಎತ್ತಿ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಆ ಕೂರುವ ರೀತಿ ನನಗೆ ಗೊತ್ತು. ಆಷಾಢದ ಬೆಳಗಿನ ಟ್ರಿಪ್ಪಿನಲ್ಲಿ ಮಂಜು ಕವಿದ ಘಾಟಿಯ ಬಾಯಿಗೆ ಬಂದಾಗ ಹಾಗೆ ಕೂರುತ್ತಿದ್ದರು. ನನ್ನ ಬಾಯಿಂದ ತಾನಾಗಿಯೇ ರೈಟ್ ಬಂತು.

ಚಿತ್ರ ಈಗ ಎಲ್ಲೂ ನಿಲ್ಲಲಿಲ್ಲ. ತಿರುವು ಕಾಣುವ ಮೊದಲೇ ಮಲ್ಲಣ್ಣನ ಗೇರು ಬೀಳುತ್ತಿತ್ತು. "ಇಲ್ಲಿ ಎಡಕ್ಕೆ ಬಂಡೆ" ಅನ್ನುವರು, ಬಿಳುಪಿನೊಳಗಿಂದ ಬಂಡೆ ಬರುವುದು. ಮೂಲೆ ಮೂಲೆಗೂ ಹಾರ್ನು. ಅರ್ಧ ದಾರಿಯಲ್ಲಿ ಬಸ್ಸು ನಿಂತಿತು.

"ಹ್ಯಾಂಗ್ ಆಯ್ತಾ?" ಎಂದು ಸಫ್ದರ ಗಾಬರಿಯಾದ.

ಮಲ್ಲಣ್ಣ ಕೈ ಮುಗಿಯುತ್ತಿದ್ದರು. ಅಣ್ಣಪ್ಪಸ್ವಾಮಿ ಗುಡಿಯ ಜಾಗ ಅದು. ಆಟ ಮಾಡಿದವನು ಗುಡಿ ಬಿಡಿಸಿರಲಿಲ್ಲ, ಆದರೂ ಘಾಟಿಯಲ್ಲಿ ಅಲ್ಲಿ ನಿಲ್ಲದೆ ಹೋಗುವ ಡ್ರೈವರು ಯಾರಿದ್ದಾನೆ? ನಾನೂ ಕೈ ಮುಗಿದೆ. ಮುಂದೆ ಚಾರ್ಮಾಡಿ ಚೆಕ್‌ಪೋಸ್ಟಿನವರೆಗೆ ಒಂದು ಗೀರು ಬೀಳದೆ ಬಸ್ಸು ಇಳಿಯಿತು.

ಸಫ್ದರ ತಾನೂ ನೋಡುತ್ತೇನೆಂದು ಕೂತ. ಕಣ್ಣು ಚೆನ್ನಾಗಿರುವ ಗಂಡಸು, ಮೊದಲ ತಿರುವಿನಲ್ಲೇ ಕಣಿವೆಗೆ ಹೋದ. ಮಲ್ಲಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲಲ್ಲಿ ನಿಂತಿದ್ದ ಶಿವಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ, ನನಗೆ ತಿಳಿಯಲಿಲ್ಲ. ನಾನಂತೂ ಅತ್ತುಬಿಟ್ಟೆ, ನಾಚಿಕೆ ಎಂತದು.

ಸಂಜೆ ಶಾಲೆಯಿಂದ ಬಂದ ರಶ್ಮಿ ಆ ಬಿಳೀ ಪರದೆ ನೋಡಿ ಪೆಚ್ಚಾದಳು. "ಏನೂ ಕಾಣಲ್ವಲ್ಲ ಅಪ್ಪ! ಇದನ್ನ ನಾನು ಶಾಲೆ ಕೆಲಸಕ್ಕೆ ಇಟ್ಕೊಳ್ತೀನಿ. ನಿಮಗೆ ದೊಡ್ಡ ಕಾರ್ಡ್ ಇರೋ ಬೇರೆ ಕಂಪ್ಯೂಟರ್ ತರೋಣ, ಉಜಿರೆ ತನಕ ಎಲ್ಲ ಚೊಕ್ಕ ಕಾಣ್ತದೆ."

ಮಲ್ಲಣ್ಣ ತಲೆಯನ್ನೂ ತಿರುಗಿಸಲಿಲ್ಲ.

"ಬೇಡ ಮಗಳೇ. ಎಲ್ಲ ಕಾಣೋ ಹಾಗಿದ್ರೆ ಕಣ್ಣಿದ್ದೋರು ಯಾರು ಬೇಕಾದ್ರೂ ಓಡಿಸ್ತಾರೆ."